ಮಳೆಗಾಲದ ಬೆಳಗ್ಗೆ ಬೈಕ್ ಹಿಡೀತಿಲ್ವಾ? ಸ್ಪಾರ್ಕ್ ಪ್ಲಗ್ ಬಗ್ಗೆ ಮೊದಲಿಂದ ತಿಳ್ಕೊಳ್ಳೋಣ

ಜೂನ್ ಬಂತು ಅಂದ್ರೆ ನಮ್ಮ ಬೀದೀಲಿ ಬೆಳಗ್ಗೆ ಏಳೂವರೆಗೆ ಒಂದೇ ಸದ್ದು. ಸೆಲ್ಫ್ ಒತ್ತೋದು, ಕಿಕ್ ಹೊಡಿಯೋದು, ಮತ್ತೆ ಸೆಲ್ಫ್. ರಾತ್ರಿಯೆಲ್ಲಾ ಮಳೇಲಿ ನೆಂದ ಗಾಡಿ ಕೆಮ್ಮತ್ತೆ, ಇನ್ನೇನು ಹಿಡೀತು ಅನ್ನೋವಾಗ ಆಫ್ ಆಗತ್ತೆ. ಕೊನೆಗೆ ತಳ್ಕೊಂಡು ಗ್ಯಾರೇಜಿಗೆ ಹೋದ್ರೆ ಮೆಕ್ಯಾನಿಕ್ ಮೊದಲು ಕೈ ಹಾಕೋದು ಪ್ಲಗ್ಗಿಗೆ, ಬಿಚ್ಚಿ ನೋಡಿ ಒರೆಸಿಯೋ ಹೊಸದು ಹಾಕಿಯೋ ಹತ್ತು ನಿಮಿಷದಲ್ಲಿ ಸ್ಟಾರ್ಟ್ ಮಾಡಿ ಕೊಡ್ತಾರೆ. ಆ ಕೆಲಸ ಮನೆ ಮುಂದೇನೇ ಮಾಡ್ಕೋಬಹುದಾ ಅಂತ ಸುಮಾರು ಜನ ಕೇಳ್ತಾರೆ. ಖಂಡಿತ ಮಾಡ್ಕೋಬಹುದು. ಆದ್ರೆ ಇದ್ರಲ್ಲಿ ಒಂದು ಜಾಗ ಇದೆ, ಅಲ್ಲಿ ಅವಸರ ಮಾಡಿದ್ರೆ ನೂರೈವತ್ತು ರೂಪಾಯಿ ಕೆಲಸ ಸಾವಿರಗಟ್ಟಲೆ ಖರ್ಚಿಗೆ ಹೋಗತ್ತೆ. ಆ ಜಾಗ ಯಾವುದು, ಯಾಕೆ ಅಷ್ಟು ಸೂಕ್ಷ್ಮ ಅಂತ ಅರ್ಥ ಆಗ್ಬೇಕು ಅಂದ್ರೆ ಪ್ಲಗ್ ಏನು ಮಾಡತ್ತೆ ಅನ್ನೋದ್ರಿಂದ ಶುರು ಮಾಡ್ಬೇಕು.

ಅಡುಗೆಮನೆ ಲೈಟರ್ ನೋಡಿದ್ರೆ ಅರ್ಧ ಅರ್ಥ ಆಯ್ತು

ಗ್ಯಾಸ್ ಒಲೆ ಹಚ್ಚೋ ಲೈಟರ್ ತಗೊಂಡು ತುದಿ ಒಳಗೆ ನೋಡಿ. ನಡುವೆ ಒಂದು ಸಣ್ಣ ಕಡ್ಡಿ, ಸುತ್ತ ಲೋಹದ ಕೊಳವೆ, ಎರಡೂ ಒಂದಕ್ಕೊಂದು ತಾಗಲ್ಲ. ಟಕ್ ಅಂತ ಒತ್ತಿದಾಗ ಕರೆಂಟು ಆ ಸಂದಿಯನ್ನ ಹಾರಿ ದಾಟತ್ತೆ, ಹಾರುವಾಗ ಕಾಣೋದೇ ಕಿಡಿ. ಸ್ಪಾರ್ಕ್ ಪ್ಲಗ್ ಅಂದ್ರೂ ಇಷ್ಟೇ. ಮಧ್ಯದಲ್ಲಿ ಒಂದು ಎಲೆಕ್ಟ್ರೋಡ್, ಅದ್ರ ಎದುರು ಕೊಕ್ಕೆ ಥರ ಬಾಗಿರೋ ಇನ್ನೊಂದು, ಇವೆರಡರ ಮಧ್ಯೆ ಬೈಕ್ ನೋಡ್ಕೊಂಡು 0.7 ರಿಂದ 0.9 ಮಿಲಿಮೀಟರ್ ಜಾಗ. ಇದಕ್ಕೆ ಗ್ಯಾಪ್ ಅಂತಾರೆ. ಹೊರಗಡೆ ಕಾಣೋ ಬಿಳಿ ಪಿಂಗಾಣಿ ಇದ್ಯಲ್ಲ, ಅದು ಕರೆಂಟು ಅಡ್ಡದಾರಿ ಹಿಡೀದೆ ನೇರ ತುದಿಗೇ ಹೋಗ್ಲಿ ಅಂತ ಇರೋದು. ಅದರ ಕೆಳಗಿನ ಕಬ್ಬಿಣದ ಮೈಗೆ ಥ್ರೆಡ್ ಇರತ್ತೆ, ಆ ಥ್ರೆಡ್ಡಿಂದಾನೇ ಪ್ಲಗ್ಗು ಎಂಜಿನ್ ಹೆಡ್ಡಿಗೆ, ಅಂದ್ರೆ ಸಿಲಿಂಡರಿನ ಮೇಲಿನ ಮುಚ್ಚಳಕ್ಕೆ, ಕೂರೋದು.

ಬ್ಯಾಟರಿ ಕೊಡೋದು ಬರೀ 12 ವೋಲ್ಟ್. ಅಷ್ಟರಲ್ಲಿ ಕಿಡಿ ಹಾರಲ್ಲ. ಹಾಗಾಗಿ ಮಧ್ಯೆ ಇಗ್ನಿಷನ್ ಕಾಯಿಲ್ ಅಂತ ಒಂದು ಇರತ್ತೆ, ಅದು ಈ ವೋಲ್ಟೇಜನ್ನ ಹತ್ತು ಸಾವಿರ, ಇಪ್ಪತ್ತು ಸಾವಿರ ವೋಲ್ಟಿನ ಲೆಕ್ಕಕ್ಕೆ ಏರಿಸಿ ದಪ್ಪ ವೈರಲ್ಲಿ ಪ್ಲಗ್ ಕ್ಯಾಪಿಗೆ ಕಳಿಸತ್ತೆ. ಹೀಗೆ ಹೈ ವೋಲ್ಟೇಜ್ ಮ್ಯಾಗ್ನೆಟೋ (ಆಯಸ್ಕಾಂತದಿಂದ ಕಿಡಿಗೆ ಬೇಕಾದ ಕರೆಂಟು ಹುಟ್ಟಿಸೋ ಸಾಧನ) ಜೊತೆ ಪ್ಲಗ್ ಸೇರಿಸಿ ನೆಚ್ಚಬಹುದಾದ ವ್ಯವಸ್ಥೆ ಮಾಡಿದ್ದು ಜರ್ಮನಿಯ ಬಾಷ್ ಕಂಪನೀಲಿದ್ದ ಎಂಜಿನಿಯರ್ ಗಾಟ್ಲಾಬ್ ಹೊನಾಲ್ಡ್, 1902ರಲ್ಲಿ. ಅದೇ ಬಾಷ್‌ನವರ ಭಾರತದ ಕಂಪನಿ ಬೆಂಗಳೂರಿನ ಆಡುಗೋಡಿಯ ಮೈಕೋ. 2008ರಲ್ಲಿ ಹೆಸರು ಬಾಷ್ ಲಿಮಿಟೆಡ್ ಅಂತ ಬದಲಾದ್ರೂ ನಮ್ಮ ಕಡೆ ಹಳೇ ಮೆಕ್ಯಾನಿಕ್‌ಗಳು ಇನ್ನೂ ಮೈಕೋ ಪ್ಲಗ್ ಅಂತಾನೇ ಕೇಳ್ತಾರೆ.

ಸವೆಯೋದು ಯಾಕೆ ಅನ್ನೋದಕ್ಕೆ ಒಂದು ಲೆಕ್ಕ ಹಾಕಿ ನೋಡಿ. ಫೋರ್ ಸ್ಟ್ರೋಕ್ ಎಂಜಿನಲ್ಲಿ ಎರಡು ಸುತ್ತಿಗೆ ಒಂದು ಸಲ ಪೆಟ್ರೋಲ್ ಹತ್ಕೋಬೇಕು. ಗಂಟೆಗೆ 50 ಕಿಲೋಮೀಟರ್ ಸ್ಪೀಡಲ್ಲಿ ಎಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗ್ತಿದೆ ಅಂದ್ಕೊಂಡ್ರೆ ನಿಮಿಷಕ್ಕೆ ಕಮ್ಮಿ ಅಂದ್ರೂ 2000 ಕಿಡಿ ಬೇಕು. ಇದೇ ಲೆಕ್ಕದಲ್ಲಿ 12,000 ಕಿಲೋಮೀಟರ್ ಓಡೋವಷ್ಟರಲ್ಲಿ ಹೆಚ್ಚೂ ಕಮ್ಮಿ ಮೂರು ಕೋಟಿ ಸಲ ಕಿಡಿ ಹಾರಿರತ್ತೆ. ಪ್ರತಿ ಸಲವೂ ಲೋಹದ ಕಣ್ಣಿಗೆ ಕಾಣದಷ್ಟು ಚೂರು ಸುಟ್ಟು ಹೋಗತ್ತೆ.

ಸವೆದ ಪ್ಲಗ್ ಬೈಕಿಗೆ ಏನು ಮಾಡತ್ತೆ

ಹೊಸ ಪ್ಲಗ್ಗಿನ ಎಲೆಕ್ಟ್ರೋಡ್ ಅಂಚು ಚೂಪಾಗಿರತ್ತೆ, ಕರೆಂಟಿಗೆ ಚೂಪು ಅಂಚಿಂದ ಹಾರೋದು ಸುಲಭ. ಸವೆದ ಹಾಗೆಲ್ಲಾ ಅಂಚು ಉಂಡೆ ಆಗತ್ತೆ, ಗ್ಯಾಪ್ ದೊಡ್ಡದಾಗತ್ತೆ, ಅಂದ್ರೆ ಹಾರ್ಬೇಕಾದ ಕಾಲುವೆ ಅಗಲ ಆಯ್ತು. ಕಾಯಿಲ್ ಇನ್ನೂ ಜಾಸ್ತಿ ವೋಲ್ಟೇಜ್ ಕೊಡ್ಬೇಕು, ಕೊಡೋಕಾಗ್ದೇ ಇದ್ದಾಗ ಆ ಸಲದ ಪೆಟ್ರೋಲ್ ಉರಿಯದೇ ಹೊರಗೆ ಹೋಗತ್ತೆ. ಇದನ್ನೇ ನಾವು ಬೈಕ್ ಮಿಸ್ಸಿಂಗ್ ಹೊಡೀತಿದೆ ಅನ್ನೋದು.

ಇಲ್ಲೊಂದು ಸ್ವಾರಸ್ಯ ಇದೆ. ನಿಂತಲ್ಲೇ ಚೆನ್ನಾಗಿ ಓಡೋ ಬೈಕು, ಹಿಂದೆ ಒಬ್ರನ್ನ ಕೂರಿಸ್ಕೊಂಡು ಏರು ಹತ್ತೋವಾಗ ಮಾತ್ರ ಎಳೀದೆ ಜರ್ಕ್ ಹೊಡಿಯತ್ತೆ. ಯಾಕೆ ಅಂದ್ರೆ ಆಕ್ಸಿಲರೇಟರ್ ಜಾಸ್ತಿ ಕೊಟ್ಟಷ್ಟೂ ಸಿಲಿಂಡರ್ ಒಳಗೆ ಗಾಳಿ ಜಾಸ್ತಿ ತುಂಬಿ ಒತ್ತಡ ಏರತ್ತೆ, ಒತ್ತಡ ಇರೋ ಗಾಳೀಲಿ ಕಿಡಿ ಹಾರಿಸೋದು ಕಷ್ಟ. ಪ್ಲಗ್ ಹೊರಗೆ ತೆಗ್ದು ಹೆಡ್ಡಿಗೆ ತಾಗಿಸಿ ಕಿಕ್ ಹೊಡೆದಾಗ ನೀಲಿ ಕಿಡಿ ಚೆನ್ನಾಗಿ ಬಂತು, ಹಾಗಾಗಿ ಪ್ಲಗ್ ಸರಿ ಇದೆ ಅನ್ನೋದು ಪೂರ್ತಿ ನಂಬೋ ಪರೀಕ್ಷೆ ಯಾಕಲ್ಲ ಅಂತ ಈಗ ಗೊತ್ತಾಯ್ತಲ್ಲ, ಹೊರಗಡೆ ಆ ಒತ್ತಡಾನೇ ಇರಲ್ಲ. 2020ರ ಏಪ್ರಿಲ್ ಆದ್ಮೇಲೆ ಬಂದ ಬಿಎಸ್6 (ಹೊಗೆ ಮಿತಿಯ ಸರ್ಕಾರಿ ನಿಯಮ) ಫ್ಯೂಯೆಲ್ ಇಂಜೆಕ್ಷನ್ (ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಸಿಂಪಡಿಸೋ) ಗಾಡಿಗಳಲ್ಲಿ ಈ ಪರೀಕ್ಷೆ ಮಾಡೋಕೇ ಹೋಗ್ಬೇಡಿ. ಅರ್ಥಿಂಗ್ ಸರಿ ಆಗದಿದ್ರೆ ಎಲೆಕ್ಟ್ರಾನಿಕ್ ಭಾಗಗಳಿಗೆ ಏಟು ಬೀಳಬಹುದು, ಕೈಗೆ ಜೋರಾಗಿ ಶಾಕ್ ಹೊಡಿಯತ್ತೆ, ಪಕ್ಕದಲ್ಲೇ ಪೆಟ್ರೋಲ್ ಆವಿ ಬೇರೆ.

ಮಳೆಗಾಲದ ತೊಂದರೆ ಇನ್ನೊಂದು ಥರದ್ದು. ಪ್ಲಗ್ ಕೂರೋ ಗುಂಡೀಲಿ ನೀರು ನಿಂತು, ಕ್ಯಾಪಿನ ರಬ್ಬರ್ ಬಿರುಕು ಬಿಟ್ಟಿದ್ರೆ ಕರೆಂಟು ಗ್ಯಾಪ್ ತನಕ ಹೋಗೋದೇ ಇಲ್ಲ, ಒದ್ದೆ ಪಿಂಗಾಣಿ ಮೇಲೇ ಜಾರಿ ಹೆಡ್ಡಿಗೆ ಇಳಿಯತ್ತೆ. ಕಾಲುವೆ ಬದು ಒಡೆದ್ರೆ ಕೊನೇ ಗದ್ದೆಗೆ ನೀರು ಹೋಗಲ್ವಲ್ಲ, ಹಾಗೆ. ಅಂಥಾ ದಿನ ಪ್ಲಗ್ ಬದಲಾಯಿಸೋ ಮುಂಚೆ ಕ್ಯಾಪ್ ತೆಗ್ದು ಒಳಗೂ ಹೊರಗೂ ಒಣ ಬಟ್ಟೇಲಿ ಒರೆಸಿ ಒಂದು ಸಲ ಸ್ಟಾರ್ಟ್ ಮಾಡಿ ನೋಡಿ. ಬೇಕಾದಷ್ಟು ಸಲ ಅಷ್ಟಕ್ಕೇ ಗಾಡಿ ಹಿಡಿಯತ್ತೆ.

ಸರಿಯಾದ ಪ್ಲಗ್ ಯಾವುದು: ಆ ನಂಬರ್ ಏನು ಹೇಳತ್ತೆ

ಅಂಗಡೀಲಿ ಹೋಗಿ ಬರೀ ಬೈಕ್ ಹೆಸರು ಹೇಳಿ ತರೋ ಬದಲು ಓನರ್ಸ್ ಮ್ಯಾನ್ಯುಯಲ್ ತೆಗ್ದು ಪ್ಲಗ್ ನಂಬರ್ ಬರ್ಕೊಳ್ಳಿ. ನಮ್ಮಲ್ಲಿ ಹಲವು ಕಮ್ಯೂಟರ್ ಬೈಕುಗಳಿಗೆ ಬರೋ ಎನ್‌ಜಿಕೆ ಕಂಪನಿಯ ಸಿಪಿಆರ್8ಇಎ-9 ಅನ್ನೋದನ್ನೇ ತಗೊಳ್ಳಿ. ಸಿ ಅಂದ್ರೆ ಥ್ರೆಡ್ ದಪ್ಪ 10 ಮಿ.ಮೀ., ಬಿಚ್ಚೋಕೆ 16 ಮಿ.ಮೀ. ಪ್ಲಗ್ ಸ್ಪ್ಯಾನರ್ ಬೇಕು. ಪಿ ಅಂದ್ರೆ ಪಿಂಗಾಣಿ ತುದಿ ಸ್ವಲ್ಪ ಮುಂದೆ ಚಾಚಿದೆ. ಆರ್ ಅಂದ್ರೆ ಒಳಗೆ ರೆಸಿಸ್ಟರ್ ಇದೆ, ಕಿಡಿಯಿಂದ ಹುಟ್ಟೋ ರೇಡಿಯೋ ಗಲಾಟೆಯನ್ನ ಅದು ತಗ್ಗಿಸತ್ತೆ, ಇಂಜೆಕ್ಷನ್ ಗಾಡಿಯ ಕಂಪ್ಯೂಟರ್ ದಾರಿ ತಪ್ಪಬಾರದು ಅಂದ್ರೆ ಇದು ಇರ್ಲೇಬೇಕು. ಇ ಅಂದ್ರೆ ಥ್ರೆಡ್ ಉದ್ದ 19 ಮಿ.ಮೀ., ಕೊನೇ 9 ಅಂದ್ರೆ ಗ್ಯಾಪ್ 0.9 ಮಿ.ಮೀ. ಇದ್ರಲ್ಲಿ ಉದ್ದ ತಪ್ಪಿದ್ರೆ ಅಪಾಯ. ಜಾಸ್ತಿ ಉದ್ದ ಇರೋದನ್ನ ಹಾಕಿದ್ರೆ ತುದಿ ಪಿಸ್ಟನ್ನಿಗೋ ವಾಲ್ವಿಗೋ ಬಡಿಯಬಹುದು, ಕಮ್ಮಿ ಆದ್ರೆ ಹೆಡ್ಡಿನ ಖಾಲಿ ಥ್ರೆಡ್ಡಲ್ಲಿ ಮಸಿ ಕಟ್ಟತ್ತೆ.

ನಡುವಿನ 8 ಹೀಟ್ ರೇಂಜ್. ಇದೇ ಎಲ್ಲರಿಗೂ ಗೊಂದಲ ಮಾಡೋದು. ದೋಸೆ ಕಾವಲಿ ನೆನೆಸ್ಕೊಳ್ಳಿ, ಕಾವು ಸಾಲದಿದ್ರೆ ಹಿಟ್ಟು ಅಂಟತ್ತೆ, ಜಾಸ್ತಿ ಆದ್ರೆ ಸೀದು ಹೋಗತ್ತೆ. ಪ್ಲಗ್ ತುದಿಗೂ ಹಾಗೇ ಒಂದು ಹದ ಇದೆ. ಸುಮಾರು 450-500 ಡಿಗ್ರಿ ಸೆಲ್ಸಿಯಸ್ ದಾಟಿದ್ರೆ ತುದಿ ಮೇಲೆ ಕೂತ ಮಸಿ ತಾನಾಗೇ ಸುಟ್ಟು ಹೋಗತ್ತೆ, 850ರ ಆಸುಪಾಸು ಮೀರಿದ್ರೆ ತುದಿ ಕೆಂಡ ಆಗಿ ಕಿಡಿ ಬರೋ ಮುಂಚೇನೇ ಪೆಟ್ರೋಲ್ ಹತ್ಕೊಳ್ಳತ್ತೆ, ಅದು ಪಿಸ್ಟನ್ನಿಗೆ ಕೆಟ್ಟದ್ದು. ತುದಿಯ ಬಿಸಿಯನ್ನ ಎಷ್ಟು ಬೇಗ ಹೆಡ್ಡಿಗೆ ದಾಟಿಸ್ಬೇಕು ಅನ್ನೋದೇ ಹೀಟ್ ರೇಂಜ್. ಎನ್‌ಜಿಕೆ ಲೆಕ್ಕದಲ್ಲಿ ನಂಬರ್ ದೊಡ್ಡದಾದಷ್ಟೂ ಪ್ಲಗ್ ತಣ್ಣಗಿನದು (ಬಿಸಿಯನ್ನ ಬೇಗ ದಾಟಿಸೋದು), ಬಾಷ್ ಲೆಕ್ಕದಲ್ಲಿ ಉಲ್ಟಾ, ದೊಡ್ಡ ನಂಬರ್ ಅಂದ್ರೆ ಬಿಸಿ ಪ್ಲಗ್. ಒಂದು ಕಂಪನಿ ನಂಬರ್ ನೋಡಿ ಇನ್ನೊಂದರದ್ದು ಅಂದಾಜಲ್ಲಿ ತರೋಕೆ ಹೋಗ್ಬಾರದು ಅನ್ನೋದು ಇದಕ್ಕೇ.

ಇರಿಡಿಯಂ ಹಾಕಿಸ್ಲಾ ಅಂತ ಕೇಳೋರಿದ್ದಾರೆ. ಮಾಮೂಲಿ ಪ್ಲಗ್ ತುದಿ ನಿಕ್ಕಲ್ ಮಿಶ್ರಲೋಹ, ನಿಕ್ಕಲ್ ಕರಗೋದು 1455 ಡಿಗ್ರೀಲಿ, ಇರಿಡಿಯಂ ಕರಗೋಕೆ 2400 ಡಿಗ್ರಿ ದಾಟ್ಬೇಕು. ಅಷ್ಟು ಗಟ್ಟಿ ಇರೋದ್ರಿಂದ ತುದಿಯನ್ನ ಸೂಜಿ ಥರ ತೆಳ್ಳಗೆ ಮಾಡ್ಬಹುದು, ತೆಳ್ಳಗಿದ್ದಷ್ಟೂ ಕಿಡಿ ಸುಲಭ, ಸವೆಯೋದೂ ನಿಧಾನ. ಆದ್ರೆ ರೇಟು ನಾಲ್ಕೈದು ಪಟ್ಟು. ಪಿಕಪ್ ಎರಡರಷ್ಟಾಗತ್ತೆ ಅನ್ನೋ ಆಸೇಲಿ ಹಾಕ್ಬೇಡಿ, ಸರಿ ಇರೋ ಬೈಕಲ್ಲಿ ಅಂಥಾ ವ್ಯತ್ಯಾಸ ಗೊತ್ತಾಗಲ್ಲ. ಪದೇ ಪದೇ ಬಿಚ್ಚೋ ಕೆಲಸ ತಪ್ಪತ್ತೆ ಅನ್ನೋದು ಅದರ ನಿಜವಾದ ಲಾಭ. ಮಾಮೂಲಿದು ಸಾಮಾನ್ಯವಾಗಿ ಹತ್ತು ಹನ್ನೆರಡು ಸಾವಿರ ಕಿಲೋಮೀಟರಿಗೆ ಬದಲಾಯಿಸೋದು ರೂಢಿ, ನಿಮ್ಮ ಗಾಡಿದು ಮ್ಯಾನ್ಯುಯಲ್ಲಲ್ಲಿ ಏನಿದ್ಯೋ ಅದೇ ಕೊನೇ ಮಾತು. ಬಜಾರಲ್ಲಿ ಡೂಪ್ಲಿಕೇಟ್ ಪ್ಲಗ್ಗೂ ಓಡಾಡ್ತಾವೆ, ಹಾಗಾಗಿ ಬೆಂಗಳೂರಿನ ಜೆ.ಸಿ. ರೋಡೇ ಆಗ್ಲಿ ನಿಮ್ಮೂರ ಸ್ಪೇರ್ಸ್ ಅಂಗಡೀನೇ ಆಗ್ಲಿ, ಗೊತ್ತಿರೋ ಕಡೆ ಬಿಲ್ ಹಾಕಿಸ್ಕೊಂಡು ತಗೊಳ್ಳಿ.

ಎಷ್ಟು ಪ್ಲಗ್ ಇದೆ ಅಂತಲೂ ಮೊದಲೇ ನೋಡ್ಕೊಳ್ಳಿ. ಪಲ್ಸರ್ 150 ಡಿಟಿಎಸ್-ಐ ಥರದವಕ್ಕೆ ಒಂದೇ ಸಿಲಿಂಡರಿಗೆ ಎರಡು, ಎನ್‌ಎಸ್200ಗೆ ಮೂರು. ಬದಲಾಯಿಸಿದ್ರೆ ಎಲ್ಲಾ ಒಟ್ಟಿಗೇ ಬದಲಾಯಿಸ್ಬೇಕು. ಸ್ಕೂಟರಲ್ಲಿ ಕವರ್ ಬಿಚ್ಚಬೇಕಾಗತ್ತೆ, ಕೆಲವು ದೊಡ್ಡ ಬೈಕಲ್ಲಿ ಟ್ಯಾಂಕೇ ಎತ್ಬೇಕು. ಟ್ಯಾಂಕ್ ಎತ್ತೋ ಗಾಡಿ ಆದ್ರೆ ಮೊದಲ ಸಲ ಗೊತ್ತಿರೋರ ಪಕ್ಕ ನಿಂತು ನೋಡಿ ಆಮೇಲೆ ಕೈ ಹಾಕೋದು ಒಳ್ಳೇದು.

ಬಿಚ್ಚೋದು

ಎಂಜಿನ್ ಪೂರ್ತಿ ತಣ್ಣಗಿರ್ಬೇಕು, ರಾತ್ರಿ ನಿಲ್ಲಿಸಿ ಬೆಳಗ್ಗೆ ಮಾಡೋದು ಎಲ್ಲಕ್ಕಿಂತ ಉತ್ತಮ. ಕೈ ಸುಡತ್ತೆ ಅಂತ ಮಾತ್ರ ಅಲ್ಲ. ಹೆಡ್ಡು ಅಲ್ಯೂಮಿನಿಯಂ, ಪ್ಲಗ್ ಕಬ್ಬಿಣ, ಬಿಸಿ ಇದ್ದಾಗ ಅಲ್ಯೂಮಿನಿಯಂ ಮೆತ್ತಗಿರತ್ತೆ, ಆಗ ತಿರುಗಿಸಿದ್ರೆ ಹೆಡ್ಡಿನ ಥ್ರೆಡ್ಡು ಕಿತ್ಕೊಂಡು ಬರಬಹುದು. ಗಾಡಿ ಮೈನ್ ಸ್ಟ್ಯಾಂಡ್ ಹಾಕಿ, ಕೀ ತೆಗೀರಿ. ಕ್ಯಾಪನ್ನ ವೈರ್ ಹಿಡ್ದು ಎಳೀಬೇಡಿ, ಕ್ಯಾಪಿನ ಮೈ ಹಿಡ್ದು ಅಲ್ಲಾಡಿಸ್ತಾ ಈಚೆಗೆ ತೆಗೀರಿ.

ಇನ್ನು ಜನ ಮರೆಯೋ ಕೆಲಸ. ಪ್ಲಗ್ ಬುಡದ ಸುತ್ತ ಕೆಸರು, ಮರಳು, ಒಣಗಿದ ಧೂಳು ಕೂತಿರತ್ತೆ. ಹಾಗೇ ಪ್ಲಗ್ ಬಿಚ್ಚಿದ್ರೆ ಅದೆಲ್ಲಾ ಸೀದಾ ಸಿಲಿಂಡರೊಳಗೆ ಬೀಳತ್ತೆ, ಒಂದು ಚಿಟಿಕೆ ಮರಳು ಸಾಕು ಸಿಲಿಂಡರಿನ ನುಣುಪು ಗೋಡೆ ಮೇಲೆ ಗೀರು ಹಾಕೋಕೆ. ಸೈಕಲ್ ಪಂಪಲ್ಲಿ ಗಾಳಿ ಹೊಡೀರಿ, ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ಕೆರೆದು ಮತ್ತೆ ಗಾಳಿ ಹೊಡೀರಿ.

ಆಮೇಲೆ ಟೂಲ್ ಕಿಟ್ಟಿನ ಪ್ಲಗ್ ಸ್ಪ್ಯಾನರನ್ನ ನೆಟ್ಟಗೆ, ಕೊನೇ ತನಕ ಕೂರಿಸಿ ಎಡಕ್ಕೆ ತಿರುಗಿಸಿ. ಓರೆಯಾಗಿ ಕೂತಿದ್ರೆ ಪಿಂಗಾಣಿ ಒಡೆಯತ್ತೆ. ಮೊದಲ ಎಳೆತ ಸ್ವಲ್ಪ ಬಿಗಿ ಇರತ್ತೆ, ಆಮೇಲೆ ಬೆರಳಲ್ಲೇ ಬರತ್ತೆ. ಕಾಲು ಸುತ್ತು ಬಂದು ಮತ್ತೆ ಬಿಗಿಯಾಯ್ತು ಅಂದ್ರೆ ಬಲ ಹಾಕ್ಬೇಡಿ, ತುಕ್ಕು ಬಿಡಿಸೋ ಸ್ಪ್ರೇ ಹೊಡ್ದು ರಾತ್ರಿ ಬಿಟ್ಟು, ಬೆಳಗ್ಗೆ ಸ್ವಲ್ಪ ಮುಂದೆ ಸ್ವಲ್ಪ ಹಿಂದೆ ತಿರುಗಿಸ್ತಾ ಬಿಡಿಸಿ. ಆಗ್ಲೂ ಬರ್ಲಿಲ್ಲ ಅಂದ್ರೆ ಗ್ಯಾರೇಜಿಗೆ ಕೊಡಿ.

ಹಳೇ ಪ್ಲಗ್ ಓದೋದು

ಎಂಜಿನ್ ಬಿಚ್ಚದೇ ಅದರ ಒಳಗಿನ ಸಮಾಚಾರ ಹೇಳೋ ವಸ್ತು ಅಂದ್ರೆ ಇದೊಂದೇ ಅಂತ ನನಗೆ ಅನ್ಸತ್ತೆ, ಹಾಗಾಗಿ ಬಿಸಾಕೋ ಮುಂಚೆ ಬೆಳಕಲ್ಲಿ ಹಿಡ್ದು ನೋಡಿ. ತುದಿ ಬಿಸ್ಕತ್ ಬಣ್ಣ ಅಥವಾ ತಿಳಿ ಬೂದು ಇದ್ರೆ ಎಲ್ಲಾ ನೆಟ್ಟಗಿದೆ. ಇಂಜೆಕ್ಷನ್ ಗಾಡಿಗಳಲ್ಲಿ ಬಣ್ಣ ಇನ್ನೂ ತಿಳಿ ಇರತ್ತೆ, ಹಳೇ ಕಾರ್ಬುರೇಟರ್ ಬೈಕಿನ ಹಾಗೆ ಕಂದು ಇಲ್ಲ ಅಂತ ಗಾಬರಿ ಬೇಡ.

ಲಾಟೀನು ಗಾಜಿನ ಮಸಿ ಥರ ಒಣ ಕಪ್ಪು ಇದ್ರೆ ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ ಹೋಗ್ತಿದೆ. ಮೊದಲು ಏರ್ ಫಿಲ್ಟರ್ ನೋಡಿ, ಕಾರ್ಬುರೇಟರ್ ಗಾಡಿ ಆದ್ರೆ ಚೋಕ್ ಹಾಕಿದ್ದು ಹಾಗೇ ಬಿಟ್ಟಿದ್ದೀರಾ ನೋಡಿ. ಇನ್ನೊಂದು ಕಾರಣ ಯಾರಿಗೂ ಹೊಳೆಯಲ್ಲ: ದಿನಾ ಬರೀ ಒಂದೆರಡು ಕಿಲೋಮೀಟರ್, ಮನೆಯಿಂದ ಹಾಲಿನ ಅಂಗಡಿಗೆ, ಅಲ್ಲಿಂದ ಸ್ಕೂಲಿಗೆ. ತುದಿ ಆ 450 ಡಿಗ್ರಿಗೆ ಏರೋದೇ ಇಲ್ಲ, ಮಸಿ ಸುಡಲ್ಲ, ಪದರ ಪದರ ಕೂರತ್ತೆ. ಮಸಿ ಅಂದ್ರೆ ಇಂಗಾಲ, ಇಂಗಾಲದಲ್ಲಿ ಕರೆಂಟು ಹರಿಯತ್ತೆ, ಹಾಗಾಗಿ ಗ್ಯಾಪ್ ಹಾರೋ ಬದಲು ಮಸಿ ಮೇಲೇ ಹರಿದು ಹೋಗಿಬಿಡತ್ತೆ.

ಒದ್ದೆಯಾಗಿದ್ದು ಪೆಟ್ರೋಲ್ ವಾಸನೆ ಇದ್ರೆ ಕಿಡಿ ಬಂದಿಲ್ಲ ಅಥವಾ ಸುಮ್ನೆ ಕಿಕ್ ಹೊಡ್ದು ಹೊಡ್ದು ಪೆಟ್ರೋಲ್ ತುಂಬ್ಕೊಂಡಿದೆ. ಅಂಟಂಟು ಎಣ್ಣೆ ಇದ್ರೆ ಎಂಜಿನ್ ಆಯಿಲ್ ಮೇಲೆ ಬರ್ತಿದೆ, ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರ್ಬಹುದು, ಹೊಸ ಪ್ಲಗ್ ಹಾಕಿದ್ರೂ ಮತ್ತೆ ಹಾಗೇ ಆಗತ್ತೆ. ಟೂ ಸ್ಟ್ರೋಕ್ ಕಾಲದಲ್ಲಿ ಇದು ದಿನನಿತ್ಯದ ವಿಷಯ. ಮೈಸೂರಲ್ಲಿ 1996ರ ತನಕ ಐಡಿಯಲ್ ಜಾವಾದವರು ಮಾಡ್ತಿದ್ದ ಯೆಜ್ಡಿ ಇಟ್ಕೊಂಡಿರೋರನ್ನ ಕೇಳಿ, ಪೆಟ್ರೋಲಿಗೇ ಆಯಿಲ್ ಬೆರೆಸಿ ಉರಿಸೋ ಎಂಜಿನ್ ಆದ್ದರಿಂದ ಜೇಬಲ್ಲಿ ಒಂದು ಸ್ಪೇರ್ ಪ್ಲಗ್ ಇಟ್ಕೊಂಡೇ ಹೊರಡ್ತಿದ್ರು.

ಸುಣ್ಣದ ಹಾಗೆ ಬೆಳ್ಳಗಾಗಿ, ಪಿಂಗಾಣಿ ಮೇಲೆ ಗುಳ್ಳೆ ಎದ್ದಿದ್ರೆ ಜಾಸ್ತಿ ಬಿಸಿ ಆಗಿದೆ. ಪ್ಲಗ್ ಸಡಿಲ ಇತ್ತಾ, ನಂಬರ್ ತಪ್ಪಾ, ಎಲ್ಲಿಂದಾದ್ರೂ ಗಾಳಿ ಒಳಗೆ ಎಳೀತಿದ್ಯಾ ಅಂತ ಮೆಕ್ಯಾನಿಕ್ ಹತ್ರ ತೋರಿಸ್ಲೇಬೇಕು, ಇದನ್ನ ಮುಂದೆ ಹಾಕ್ಬೇಡಿ.

ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಹಾಕೋದು ದಾರಿ ಮಧ್ಯೆ ನಿಂತಾಗ ಮನೆ ಸೇರೋಕೆ ಸರಿ, ಖಾಯಂ ಪರಿಹಾರ ಅಲ್ಲ. ಇರಿಡಿಯಂ ತುದಿಗೆ ಉಪ್ಪುಕಾಗದ, ವೈರ್ ಬ್ರಷ್ ಎರಡೂ ಮುಟ್ಟಿಸ್ಬಾರದು.

ಹಾಕೋದು: ಇಲ್ಲೇ ನಿಧಾನ ಬೇಕು

ಹೊಸ ಪ್ಲಗ್ಗಿನ ಗ್ಯಾಪನ್ನ ಫೀಲರ್ ಗೇಜಲ್ಲಿ (ಸಂದಿ ಅಳೆಯೋ ತೆಳು ಲೋಹದ ಪಟ್ಟಿಗಳು) ಅಳೀರಿ, ಬಾಕ್ಸಲ್ಲಿ ಬರುವಾಗ ಸಾಮಾನ್ಯವಾಗಿ ಸರಿ ಇರತ್ತೆ, ಕೆಳಗೆ ಬಿದ್ದಿದ್ರೆ ಬಾಗಿರತ್ತೆ. ಹಿಂದೆಲ್ಲಾ ಹ್ಯಾಕ್ಸಾ ಬ್ಲೇಡ್ ತೂರಿಸಿ ಅಂದಾಜು ಮಾಡ್ತಿದ್ರು, ಅದರ ದಪ್ಪ ಸುಮಾರು 0.6 ಮಿ.ಮೀ. ಅಷ್ಟೇ, 0.8 ಬೇಕಾದ ಗಾಡಿಗೆ ಅದು ಸಾಲಲ್ಲ. ಸರಿಪಡಿಸ್ಬೇಕಿದ್ರೆ ಹೊರಗಿನ ಕೊಕ್ಕೆಯನ್ನ ಮಾತ್ರ ಮೆಲ್ಲಗೆ ಬಗ್ಗಿಸಿ, ನಡುವಿನದನ್ನ ಮುಟ್ಬೇಡಿ.

ನಾನು ಮೊದಲು ಹೇಳಿದ ಆ ಸೂಕ್ಷ್ಮ ಜಾಗ ಈಗ ಬಂತು. ಹೊಸ ಪ್ಲಗ್ಗನ್ನ ಶುರೂಲೇ ಸ್ಪ್ಯಾನರಲ್ಲಿ ತಿರುಗಿಸ್ಬಾರದು. ಥ್ರೆಡ್ಡಿಗೆ ಥ್ರೆಡ್ ಕೂರದೇ ಓರೆಯಾಗಿ ಹತ್ತಿದ್ರೂ ಸ್ಪ್ಯಾನರ್ ಬಲಕ್ಕೆ ಅದು ಒಳಗೆ ಹೋಗೇ ಹೋಗತ್ತೆ, ಹೋಗ್ತಾ ಹೆಡ್ಡಿನ ಅಲ್ಯೂಮಿನಿಯಂ ಥ್ರೆಡ್ಡನ್ನ ಕೆತ್ಕೊಂಡು ಹೋಗತ್ತೆ. ನಾನು ಕಾಲೇಜಲ್ಲಿದ್ದಾಗ ಹೀಗೇ ಮಾಡ್ದೆ. ಸ್ವಲ್ಪ ಬಿಗಿ ಅನ್ನಿಸ್ತು, ಹೊಸದು ಅಲ್ವಾ ಅದಕ್ಕೇ ಅಂದ್ಕೊಂಡು ಇನ್ನೂ ತಿರುಗಿಸ್ದೆ. ಎರಡನೇ ದಿನ ಪ್ಲಗ್ ಬುಡದಿಂದ ಟುಸ್ ಟುಸ್ ಅಂತ ಗಾಳಿ, ಹೆಡ್ ಬಿಚ್ಚಿಸಿ ಲೇತ್‌ನವರ ಹತ್ರ ಬುಷ್, ಅಂದ್ರೆ ಹೊಸ ಥ್ರೆಡ್ ಇರೋ ಲೋಹದ ಬಳೆ, ಹಾಕಿಸ್ಬೇಕಾಯ್ತು. ಅಪ್ಪ ಬೈಯಲಿಲ್ಲ, ಆ ತಿಂಗಳ ಖರ್ಚಿನ ಪುಸ್ತಕದಲ್ಲಿ ಅದನ್ನ ಬರೆಯುವಾಗ ಅವರ ಮುಖ ನೋಡಿದ್ದು ಇವತ್ತಿಗೂ ನೆನಪಿದೆ.

ತಪ್ಪಿಸೋ ಉಪಾಯ ತುಂಬಾ ಸುಲಭ. ಒಂದು ಗೇಣು ಪೆಟ್ರೋಲ್ ಪೈಪ್ ತುಂಡು ತಗೊಂಡು ಪ್ಲಗ್ಗಿನ ಮೇಲ್ತುದಿಗೆ ಸಿಕ್ಕಿಸಿ, ಪೈಪ್ ಹಿಡ್ಕೊಂಡು ಪ್ಲಗ್ಗನ್ನ ತೂತಿಗೆ ಇಳಿಸಿ ಬಲಕ್ಕೆ ತಿರುಗಿಸ್ತಾ ಹೋಗಿ. ನೆಟ್ಟಗೆ ಕೂತಿದ್ರೆ ಸಲೀಸಾಗಿ ಒಳಗೆ ಹೋಗತ್ತೆ, ಓರೆಯಾದ್ರೆ ಪೈಪ್ ಜಾರತ್ತೆ, ಅದಕ್ಕೆ ಥ್ರೆಡ್ ಹಾಳು ಮಾಡೋವಷ್ಟು ಬಲಾನೇ ಇಲ್ಲ. ಜಾರಿದ್ರೆ ಪೂರ್ತಿ ತೆಗ್ದು ಮತ್ತೆ ಶುರು ಮಾಡಿ. ಒಂದು ಸಲ ಎಡಕ್ಕೆ ತಿರುಗಿಸಿ, ಟಕ್ ಅಂತ ಥ್ರೆಡ್ ಕೂತಿದ್ದು ಕೈಗೆ ಗೊತ್ತಾದ ಮೇಲೆ ಬಲಕ್ಕೆ ತಿರುಗಿಸೋದೂ ಒಳ್ಳೇ ಅಭ್ಯಾಸ. ಥ್ರೆಡ್ಡಿಗೆ ಗ್ರೀಸ್, ಆಯಿಲ್ ಹಚ್ಚೋ ರೂಢಿ ಬಿಡಿ, ಜಾರು ಜಾಸ್ತಿ ಆದ್ರೆ ಗೊತ್ತಿಲ್ಲದೇ ಹದ ಮೀರಿ ಬಿಗಿ ಆಗತ್ತೆ.

ಬೆರಳಲ್ಲಿ ಇನ್ನು ತಿರುಗಲ್ಲ ಅನ್ನೋ ತನಕ ಬಂದಾಗ ಪ್ಲಗ್ಗಿನ ವಾಷರ್ ಹೆಡ್ಡಿಗೆ ತಾಗಿದೆ ಅಂತ ಅರ್ಥ. ಈಗ ಸ್ಪ್ಯಾನರ್. ಹೊಸ ಪ್ಲಗ್ ಆದ್ರೆ ಅರ್ಧ ಸುತ್ತು, ಅಂದ್ರೆ ಗಡಿಯಾರದ ಮುಳ್ಳು 12ರಿಂದ 6ಕ್ಕೆ ಹೋದಷ್ಟು. ವಾಷರ್ ಒಳಗೆ ಟೊಳ್ಳು, ಈ ಅರ್ಧ ಸುತ್ತಲ್ಲಿ ಅದು ಚಪ್ಪಟೆಯಾಗಿ ಗಾಳಿ ಹೋಗದ ಹಾಗೆ ಮುಚ್ಚತ್ತೆ. ಹಳೇ ಪ್ಲಗ್ಗನ್ನೇ ವಾಪಸ್ ಹಾಕ್ತಿದ್ರೆ ವಾಷರ್ ಆಗ್ಲೇ ಚಪ್ಪಟೆಯಾಗಿದೆ, 12ರಿಂದ 1ಕ್ಕೆ ಹೋದಷ್ಟು ಸಾಕು. ಟಾರ್ಕ್ ರೆಂಚ್ (ಎಷ್ಟು ಬಿಗಿ ಅಂತ ಅಳೆದು ತೋರಿಸೋ ಸ್ಪ್ಯಾನರ್) ಇದ್ರೆ 10 ಮಿ.ಮೀ. ಥ್ರೆಡ್ಡಿಗೆ 10ರಿಂದ 12 ನ್ಯೂಟನ್ ಮೀಟರ್. ಸಡಿಲ ಬಿಟ್ರೆ ಗಾಳಿ ಸೋರೋದು ಒಂದು, ಪ್ಲಗ್ಗಿನ ಬಿಸಿ ಥ್ರೆಡ್ಡು ವಾಷರ್ ಮೂಲಕವೇ ಹೆಡ್ಡಿಗೆ ಇಳೀಬೇಕಾಗಿರೋದ್ರಿಂದ ತುದಿ ಕಾಯ್ದು ಕೆಂಡ ಆಗೋದು ಇನ್ನೊಂದು. ಸ್ಪ್ಯಾನರಿಗೆ ಉದ್ದ ಪೈಪ್ ಸಿಕ್ಕಿಸಿ ಬಿಗಿ ಮಾಡೋದಂತೂ ಬೇಡವೇ ಬೇಡ.

ಕೊನೆಗೆ ಕ್ಯಾಪನ್ನ ಟಕ್ ಅನ್ನೋ ತನಕ ಒತ್ತಿ. ಅರ್ಧ ಕೂತ ಕ್ಯಾಪ್ ರೋಡಿನ ಮೊದಲ ಉಬ್ಬಿಗೇ ಕಳಚತ್ತೆ. ಸ್ಟಾರ್ಟ್ ಮಾಡಿ ಒಂದೆರಡು ನಿಮಿಷ ಐಡಲ್ ಬಿಟ್ಟು ಬುಡದ ಹತ್ರ ಕಿವಿ ಕೊಡಿ, ಗಾಳಿ ಸೋರೋ ಸದ್ದಿಲ್ಲ ಅಂದ್ರೆ ಒಂದು ರೌಂಡ್ ಹೋಗಿ ಬನ್ನಿ. ತೆಗೆದ ಪ್ಲಗ್ ತೀರಾ ಕೆಟ್ಟಿಲ್ದೇ ಇದ್ರೆ ಹೊಸದರ ಬಾಕ್ಸಿಗೇ ಹಾಕಿ, ಮೇಲೆ ತಾರೀಖು ಮತ್ತೆ ಕಿಲೋಮೀಟರ್ ಬರ್ದು, ಸ್ಪ್ಯಾನರ್ ಜೊತೆ ಸೀಟಿನ ಕೆಳಗೆ ಇಡಿ. ಆ ಪೆಟ್ರೋಲ್ ಪೈಪ್ ತುಂಡೂ ಅಲ್ಲೇ ಇರ್ಲಿ.